ಬೆಂಕಿಯ ನೀರು ಬೇರೆ, ಮೈಯ ನೀರು ಬೇರೆ



ಕಳೆದ ತಿಂಗಳ ಸಭೆ ನಮ್ಮ ಮನೆಯಲ್ಲಿ ನಡೆದಾಗ ಓದಿದ ಕಥೆಗಿಂತ ಹಿತ್ತಿಲಿನ ಹಾಟ್ ಟಬ್ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು ಎಂದು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ಹೊರಗೆ ಮಂಡಿಯುದ್ದ ಹಿಮ, ಟಬ್ಬಿನ ಮೇಲೆ ಹಬೆ, ಆಚೆ ಇಳಿಜಾರಿನಲ್ಲಿ ಗೂಡಂಗಡಿಯಂಥ ಒಂದು ಪೆಟ್ಟಿಗೆ, ಅದರ ನೆತ್ತಿಯಲ್ಲಿ ಚಿಮಣಿ. "ಇದೇನ್ರೀ, ಅಮೆರಿಕಕ್ಕೆ ಬಂದೂ ಬಚ್ಚಲೊಲೆ ಹೂಡಿದ್ದೀರಾ?" ಎಂದು ಎಲ್ಲರೂ ಕೇಳಿದರು. ಊಟದ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಇದು ಆ ಬಾಕಿ ಉತ್ತರ.

ಬಚ್ಚಲೊಲೆಯೂ ಇದೂ ದೂರದ ನೆಂಟರು ಅನ್ನಿ. ಊರಿನ ಹಂಡೆಗೆ ಕೆಳಗಿನಿಂದ ಉರಿ. ಕಾದ ನೀರನ್ನೇ ಮೊಗೆದು, ತಣ್ಣೀರು ಬೆರೆಸಿ, ಹದ ನೋಡಿ ಮೈಗೆ ಹುಯ್ದುಕೊಳ್ಳುತ್ತಿದ್ದೆವು. ಇಲ್ಲಿನ ಸೌದೆ ಬಾಯ್ಲರಿನಲ್ಲಿ ಉರಿಯ ಗೂಡಿನ ಸುತ್ತಲೂ ನೀರು ತುಂಬಿರುತ್ತದೆ. ಆ ನೀರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದು, ನೆಲದಡಿ ಹೂತ, ದಪ್ಪ ಹೊದಿಕೆಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಪಂಪಿನ ಬಲದಿಂದ ಹರಿದು ಬಂದು, ಶಾಖ ಕೊಟ್ಟು ಹಿಂತಿರುಗುತ್ತದೆ. ಅದೇ ನೀರು ಮನೆಯನ್ನೂ ಬೆಚ್ಚಗಿಡುತ್ತದೆ, ಟಬ್ಬನ್ನೂ ಕಾಯಿಸುತ್ತದೆ.

ಮುಖ್ಯ ಮಾತೆಂದರೆ, ಆ ನೀರು ಟಬ್ಬಿಗೆ ಬರುವುದೇ ಇಲ್ಲ. ಬಾಯ್ಲರಿನ ಉಕ್ಕು ತುಕ್ಕು ಹಿಡಿಯದಿರಲೆಂದು ಅದರ ನೀರಿಗೆ ರಾಸಾಯನಿಕ ಬೆರೆಸಿರುತ್ತಾರೆ. ಅದು ಮೈಗೆ ಸಲ್ಲ. ಟಬ್ಬಿನ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಅದು ಬಾಯ್ಲರಿಗೆ ಸಲ್ಲ. ಹಾಗಾಗಿ ನಡುವೆ ಹೀಟ್ ಎಕ್ಸ್‌ಚೇಂಜರ್ ಎಂಬ ಮಧ್ಯಸ್ಥ ಬೇಕು. ತೆಳು ಲೋಹದ ಒಂದು ಮಗ್ಗುಲಲ್ಲಿ ಬೆಂಕಿಯ ನೀರು, ಇನ್ನೊಂದು ಮಗ್ಗುಲಲ್ಲಿ ಮೈಯ ನೀರು. ಶಾಖ ದಾಟುತ್ತದೆ, ನೀರು ದಾಟುವುದಿಲ್ಲ. ಕ್ಲೋರಿನ್ ನೀರಿಗೆ ಟೈಟಾನಿಯಂನದೇ ಒಳ್ಳೆಯದು. ಅಗ್ಗದ ಲೋಹವನ್ನು ಅದು ಮೆಲ್ಲಗೆ ತಿಂದುಹಾಕುತ್ತದೆ.

ಇಷ್ಟೆಲ್ಲ ಯಾಕೆ, ವಿದ್ಯುತ್ತಿಲ್ಲವೇ ಎನ್ನುತ್ತೀರಿ. ಸ್ವಲ್ಪ ಲೆಕ್ಕ ನೋಡಿ. ನಮ್ಮ ಟಬ್ಬಿನಲ್ಲಿ 1500 ಲೀಟರ್ ನೀರು. ಅದನ್ನು 10 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 52 ಯೂನಿಟ್ ಶಕ್ತಿ ಬೇಕು. 5.5 ಕಿಲೋವಾಟ್ ಹೀಟರಿಗೆ ಇದು ಒಂಬತ್ತೂವರೆ ಗಂಟೆಯ ಕೆಲಸ. ಬಾಯ್ಲರಿನಿಂದ 20 ಕಿಲೋವಾಟ್ ದಾಟಿಸಬಲ್ಲ ಎಕ್ಸ್‌ಚೇಂಜರ್ ಇದ್ದರೆ ಎರಡೂವರೆ ಗಂಟೆ ಸಾಕು. ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ಶಕ್ತಿ ಇದೆ. ಅರ್ಧ ದಾರಿಯಲ್ಲೇ ಪೋಲಾಯಿತೆಂದರೂ 26 ಕಿಲೋದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಈ ಅವಸರದ ಶಾಖಕ್ಕೆ ಹದ ಗೊತ್ತಿಲ್ಲ. ಇದನ್ನು ನಾವು ಕಲಿತದ್ದು ಮೊದಲ ಚಳಿಗಾಲದಲ್ಲೇ. ಟಬ್ಬು 39 ಡಿಗ್ರಿ ಮುಟ್ಟಿದೊಡನೆ ಥರ್ಮೋಸ್ಟಾಟ್ ಬಾಯ್ಲರಿನ ಪಂಪನ್ನು ನಿಲ್ಲಿಸುವಂತೆ ಮಾಡಿ, ಗೆದ್ದೆವೆಂದು ಮಲಗಿದೆವು. ಬೆಳಿಗ್ಗೆ ಊರಿನಿಂದ ಬಂದಿದ್ದ ಅಮ್ಮ ಶಾಲು ಹೊದ್ದು ಟಬ್ಬಿನ ಬಳಿ ಹೋದರು. ಮೆಟ್ಟಿಲು ಹತ್ತುವ ಮೊದಲು ಅಭ್ಯಾಸಬಲದಿಂದ ಮೊಣಕೈ ಅದ್ದಿ ನೋಡಿ, "ಇದು ಹಂಡೆ ನೀರು ಕಣೋ, ತಣ್ಣೀರು ಬೆರೆಸದೆ ಮೈಗೆ ತಾಗಿಸೋ ಹಾಗಿಲ್ಲ" ಎಂದರು. ಥರ್ಮಾಮೀಟರ್ ಇಳಿಬಿಟ್ಟರೆ 44 ಡಿಗ್ರಿ! ಅಮ್ಮನಿಗೆ ರಕ್ತದೊತ್ತಡದ ಮಾತ್ರೆ ಬೇರೆ. ಅಷ್ಟು ಬಿಸಿಯಲ್ಲಿ ರಕ್ತನಾಳ ಹಿಗ್ಗಿ, ಒತ್ತಡ ಇಳಿದು, ತಲೆಸುತ್ತಿ ನೀರಿನಲ್ಲೇ ಕುಸಿಯುವ ಅಪಾಯವಿತ್ತು. ನಮ್ಮಿಬ್ಬರಿಗೂ ಆ ದಿನವೆಲ್ಲ ಕೈಕಾಲು ನಡುಗುತ್ತಿತ್ತು.

ಆದದ್ದಿಷ್ಟು. ಬಾಯ್ಲರ್ ಇಳಿಜಾರಿನಲ್ಲಿ ಕೆಳಗಿದೆ, ಟಬ್ಬು ಮೇಲಿದೆ. ಬಿಸಿನೀರು ಹಗುರ, ತಣ್ಣೀರು ಭಾರ. ಪಂಪು ನಿಂತರೂ ಬಿಸಿನೀರು ತಾನಾಗಿ ಮೇಲೇರುತ್ತಿತ್ತು, ತಣಿದದ್ದು ಕೆಳಗಿಳಿಯುತ್ತಿತ್ತು. ಇತ್ತ ಟಬ್ಬಿನ ಶೋಧಕದ ಪಂಪು ರಾತ್ರಿಯಿಡೀ ಓಡಿ ಆ ಶಾಖವನ್ನು ಹೀರಿಕೊಂಡಿತ್ತು. ಪಂಪು ನಿಂತರೆ ಹರಿವೂ ನಿಂತಿತು ಎಂದು ನಂಬಿದ್ದು ನಮ್ಮ ತಪ್ಪು.

ಈಗ ಮೂರು ಕಾವಲು ಇಟ್ಟಿದ್ದೇವೆ. ಪಂಪಿನ ಒತ್ತಡವಿದ್ದಾಗ ಮಾತ್ರ ತೆರೆಯುವ ಸ್ಪ್ರಿಂಗಿನ ಚೆಕ್ ವಾಲ್ವ್ ಒಂದು. ಕರೆಂಟು ಹೋದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇನ್ನೊಂದು. ಮೂರನೆಯದು, ಥರ್ಮೋಸ್ಟಾಟನ್ನು ನಂಬದೆ ಬೇರೆಯಾಗಿಯೇ ಶಾಖ ಅಳೆದು, 40 ದಾಟಿದರೆ ಎಲ್ಲವನ್ನೂ ನಿಲ್ಲಿಸುವ ಸ್ವಿಚ್ಚು. 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್, ಇಲ್ಲಿ ಒಪ್ಪಿತ ಮೇಲ್ಮಿತಿ. ಗರ್ಭಿಣಿಯರೂ ಹೃದ್ರೋಗಿಗಳೂ ಅದಕ್ಕೂ ಮೊದಲು ವೈದ್ಯರನ್ನು ಕೇಳಬೇಕು.

ಇನ್ನೆರಡು ಮಾತು. ಬೆಚ್ಚನೆಯ ನೀರು ಲೀಜನೆಲ್ಲಾದಂಥ ರೋಗಾಣುಗಳಿಗೂ ಇಷ್ಟ. ಸೌದೆಯಿಂದ ಕಾಯಿಸಿದ ಮಾತ್ರಕ್ಕೆ ನೀರು ಶುದ್ಧವಾಗದು. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7.0ರಿಂದ 7.8 ಇರುವುದನ್ನು ಪ್ರತಿಸಲ ಪಟ್ಟಿ ಅದ್ದಿ ನೋಡುತ್ತೇವೆ. ಎರಡನೆಯದು ಹೊಗೆ. ನೀರು ಕಾದಾಗ ಬಾಯ್ಲರ್ ತನ್ನ ಗಾಳಿಬಾಗಿಲು ಮುಚ್ಚುತ್ತದೆ. ಆಗ ಹಳೆಯ ಮಾದರಿಗಳಲ್ಲಿ ಸೌದೆ ಉರಿಯದೆ ಹೊಗೆಯಾಡುತ್ತದೆ. ಹಸಿ ಸೌದೆಯಾದರೆ ನೆರೆಮನೆಯವರ ಗತಿ ದೇವರೇ ಬಲ್ಲ. ಈ ಕಾರಣಕ್ಕೇ ಅಮೆರಿಕದಲ್ಲಿ 2015ರಲ್ಲಿ ಹೊಸ ಬಾಯ್ಲರುಗಳ ಹೊಗೆಗೆ ಮಿತಿ ಹಾಕಿದರು, 2020ರ ಮೇ ತಿಂಗಳಿಂದ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಕೊಳ್ಳುವವರು ಮೊದಲು ತಮ್ಮ ಊರಿನ ನಿಯಮ ವಿಚಾರಿಸಿ, ನಂತರ ಪಕ್ಕದ ಮನೆಯವರನ್ನೂ ವಿಚಾರಿಸಿ.

ದೀಪಾವಳಿಯ ನೀರು ತುಂಬುವ ಹಬ್ಬದಂದು ಟಬ್ಬನ್ನು ಖಾಲಿ ಮಾಡಿ, ಉಜ್ಜಿ, ಹೊಸ ನೀರು ತುಂಬುವುದು ಈಗ ನಮ್ಮ ಮನೆಯ ಪದ್ಧತಿ. ಅಮ್ಮ ಊರಿಗೆ ಮರಳಿದ್ದಾರೆ, ಫೋನಿನಲ್ಲಿ ಮಾತ್ರ "ಕೈ ಅದ್ದಿ ನೋಡಿದ್ರಾ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಮೂರು ಕಾವಲಿದ್ದರೂ ನೋಡುತ್ತೇವೆ. ಮುಂದಿನ ಸಭೆಗೆ ಬರುವವರು ಟವೆಲ್ ತನ್ನಿ, ಸೌದೆ ನಮ್ಮದು. ಪುಸ್ತಕಗಳನ್ನು ಮಾತ್ರ ದಯವಿಟ್ಟು ಒಳಗೇ ಇಟ್ಟುಬನ್ನಿ.