ಬಣ್ಣ ಆಮೇಲೆ ನೋಡಿ, ಮೊದಲು ಬುಕ್ಕು ತೆಗೀರಿ

ಹಳೆ ಜಾವಾನೋ ಯಜ್ದಿಯೋ ಕೊಂಡು ರೆಡಿ ಮಾಡಿಸಬೇಕು ಅಂತ ಬರುವ ಹುಡುಗರು ಮೊಬೈಲಿನಲ್ಲಿ ಫೋಟೊ ತೋರಿಸಿ ಕೇಳುವುದು ಒಂದೇ ಪ್ರಶ್ನೆ: "ಈ ರೇಟಿಗೆ ತಗೋಬಹುದಾ ಸಾರ್?" ಫೋಟೊದಲ್ಲಿ ಟ್ಯಾಂಕು ಮಿರಮಿರ ಮಿಂಚುತ್ತಿರುತ್ತದೆ. ನಾನು ಕೇಳುವುದೂ ಒಂದೇ: "ಆರ್‌ಸಿ ಬುಕ್ಕು ಯಾರ ಹೆಸರಲ್ಲಿದೆ?" ಇಷ್ಟಕ್ಕೇ ಬಹಳಷ್ಟು ಜನ ಮೊಬೈಲನ್ನು ಜೇಬಿಗಿಳಿಸುತ್ತಾರೆ.

ನಾನು ಗಾಡಿ ವ್ಯಾಪಾರಿಯಲ್ಲ. ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಮನೆ ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಐಡಿಯಲ್ ಜಾವಾ ಕಾರ್ಖಾನೆಯಿದ್ದ ಯಾದವಗಿರಿಗೆ ಇಲ್ಲಿಂದ ನಡೆದೇ ಹೋಗಬಹುದು. ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಆ ಕಾರ್ಖಾನೆ 1961ರಲ್ಲಿ ಗಾಡಿ ಹೊರಬಿಡಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯಜ್ದಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಬಿತ್ತು. ಅಂದರೆ ಇವತ್ತು ಸಿಗುವ ಅತಿ ಎಳೆಯ ಹಳೆ ಯಜ್ದಿಗೂ ಮೂವತ್ತು ವರ್ಷದ ಆಸುಪಾಸು. 2018ರಲ್ಲಿ ಮತ್ತೆ ಬಂದ ಜಾವಾ ಬೇರೆಯೇ ಗಾಡಿ. ಅದು ಫೋರ್ ಸ್ಟ್ರೋಕ್, ಇದು ಟೂ ಸ್ಟ್ರೋಕ್. ಶೋರೂಮಿನಲ್ಲಿ ಸಿಗುವ ಸಾಮಾನು ಇದಕ್ಕೆ ಕೂರುವುದಿಲ್ಲ.

ಎಂಜಿನ್ನು ಕೆಟ್ಟಿದ್ದರೆ ರಿಪೇರಿ ಮಾಡಬಹುದು, ದಾಖಲೆ ಕೆಟ್ಟಿದ್ದರೆ ಯಾವ ಮೇಸ್ತ್ರಿಯೂ ಏನೂ ಮಾಡಲಾರ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕೊಟ್ಟಿಗೆಯಲ್ಲಿ ಮಲಗಿದ ಗಾಡಿಗೆ ಇದನ್ನು ಯಾರು ಮಾಡಿಸಿರುತ್ತಾರೆ? 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ದ್ವಿಚಕ್ರ ವಾಹನಕ್ಕೆ ತಡವಾದ ತಿಂಗಳೊಂದಕ್ಕೆ 300 ರೂಪಾಯಿ ಹೆಚ್ಚುವರಿ. ಮೂರು ವರ್ಷ ಮರೆತರೆ ಅದೊಂದೇ 10,800. ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ. ಇದರ ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು. ಗಾಡಿ ನೋಡಲು ಹೋಗುವ ಮೊದಲೇ ಬುಕ್ಕಿನ ಜೆರಾಕ್ಸ್ ತರಿಸಿಕೊಂಡು ಆರ್‌ಟಿಒದಲ್ಲಿ ವಿಚಾರಿಸಿ. ಎಂವೈಎಕ್ಸ್, ಎಂವೈಎಂ ಅಂತ ಶುರುವಾಗುವ ಹಳೆ ನಂಬರುಗಳು ಎಷ್ಟೋ ಸಲ ಕಂಪ್ಯೂಟರಿಗೇ ಏರಿರುವುದಿಲ್ಲ. ಹಳೆ ರಿಜಿಸ್ಟರಿನಲ್ಲಿ ಹುಡುಕಿ ಏರಿಸಬೇಕು. ಬುಕ್ಕೇ ಇಲ್ಲ, "ಆಮೇಲೆ ಮಾಡಿಸಿಕೊಡ್ತೀವಿ" ಅಂತ ಬ್ರೋಕರ್ ಹೇಳಿದರೆ ನಮಸ್ಕಾರ ಹಾಕಿ ಬಂದುಬಿಡಿ.

ಮೊನ್ನೆ ನಮ್ಮ ಅಕ್ಕನ ಮಗ ಹುಣಸೂರು ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ರೋಡ್‌ಕಿಂಗ್. ಗೊಬ್ಬರದ ಮೂಟೆಗಳ ಹಿಂದೆ ನಿಂತಿತ್ತು. ಸೀಟನ್ನು ಇಲಿ ಕಡಿದಿತ್ತು, ಎರಡೂ ಟೈರು ನೆಲಕ್ಕಂಟಿದ್ದವು.

"ನಮ್ಮಪ್ಪಾರ್ ಗಾಡಿ ಸಾ. ಅವ್ರು ಹೋದ್ಮೇಲೆ ಯಾರೂ ಮುಟ್ಟಿಲ್ಲ. ಒಂದು ಪ್ಲಗ್ ಹಾಕುದ್ರೆ ಸ್ಟಾರ್ಟ್ ಆಯ್ತದೆ" ಅಂದ ಮನೆಯಾತ.

ಹಳೆ ಗಾಡಿ ಮಾರುವವರೆಲ್ಲ ಈ ಪ್ಲಗ್ಗಿನ ಮಾತು ಹೇಳುತ್ತಾರೆ. ನಮ್ಮ ಹುಡುಗ ಕಿಕ್ಕರಿನ ಮೇಲೆ ಕಾಲಿಡಲು ಹೋದ, ತಡೆದೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಬೋರಿಗೆ ತುಕ್ಕು ಹಿಡಿದು ಕೂತಿರಬಹುದು. ಬಲವಂತ ಮಾಡಿದರೆ ರಿಂಗೂ ಹೋಗುತ್ತದೆ, ಕಿಕ್ಕಿನ ಹಲ್ಲೂ ಹೋಗುತ್ತದೆ. ಜಾವಾ, ಯಜ್ದಿಯಲ್ಲಂತೂ ಕಿಕ್ಕರೂ ಗೇರಿನ ಲಿವರೂ ಒಂದೇ. ಒಂದು ಕೆಟ್ಟರೆ ಎರಡಕ್ಕೂ ತೊಂದರೆ. ಪ್ಲಗ್ ಬಿಚ್ಚಿ ಒಂದಿಷ್ಟು ಎಣ್ಣೆ ಬಿಟ್ಟೆವು. ಬಲಗಡೆಯ ಕವರ್ ತೆಗೆದರೆ ಕ್ರ್ಯಾಂಕಿನ ತುದಿಯಲ್ಲಿ ರೋಟರ್ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅದರ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದೆ. ತಿರುಗಿತು.

ರೋಟರನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಬೇಕು. ಅಲ್ಲಾಡಿದರೆ ಕ್ರ್ಯಾಂಕಿನ ಬೇರಿಂಗ್ ಸವೆದಿದೆ ಅಂತ. ಆಮೇಲೆ ಪ್ಲಗ್ಗಿನ ತೂತಿನಿಂದ ಒಂದು ತೆಳು ಕಡ್ಡಿ ಇಳಿಸಿ ಪಿಸ್ಟನ್ ತಲೆಗೆ ತಾಗಿಸಿ, ರೋಟರನ್ನು ಆ ಕಡೆ ಈ ಕಡೆ ಕೊಂಚ ಕೊಂಚವೇ ತಿರುಗಿಸಬೇಕು. ರೋಟರ್ ತಿರುಗಿಯೂ ಕಡ್ಡಿ ಕದಲದ ಒಂದು ಗಳಿಗೆ ಇದ್ದರೆ ಅದೇ ಕನೆಕ್ಟಿಂಗ್ ರಾಡಿನ ಪ್ಲೇ. ಟೂ ಸ್ಟ್ರೋಕಿನ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡ್ ಕೂರಿಸಿ, ಮತ್ತೆ ಒತ್ತಿ ಅಲೈನ್ಮೆಂಟ್ ನೋಡಬೇಕು. ಇದನ್ನು ಶುದ್ಧವಾಗಿ ಮಾಡುವ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ, ಆದರೆ ಕಡಿಮೆಯಾಗುತ್ತಿವೆ. ನಮ್ಮ ರೋಡ್‌ಕಿಂಗಿಗೆ ರಾಡಿನ ಪ್ಲೇ ಇತ್ತು. ಅದಕ್ಕೆ ನಾನು ಹೆದರಲಿಲ್ಲ. ಪಿಸ್ಟನ್, ರಾಡ್, ಬೇರಿಂಗ್, ಆಯಿಲ್ ಸೀಲು, ಕೇಬಲ್ಲು ಇವೆಲ್ಲ ಹೊಸದಾಗಿ ಸಿಗುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಗೊಮ್ಮೆ ಹೋಗಿ ಬಂದರಾಯಿತು.

ಹೆದರಬೇಕಾದ್ದು ಇಲ್ಲದ ಸಾಮಾನಿಗೆ. ಕಾರ್ಖಾನೆಯ ಟ್ಯಾಂಕು, ದಪ್ಪ ತಗಡಿನ ಮಡ್‌ಗಾರ್ಡು, ಹೆಡ್‌ಲೈಟಿನ ಚಿಪ್ಪು, ಎರಡೂ ಸೈಲೆನ್ಸರು ಇದ್ದಾವೆಯೇ ನೋಡಿ. ಈಗ ಮಾಡಿ ಮಾರುವ ಸೈಲೆನ್ಸರುಗಳಲ್ಲಿ ತಗಡು ತೆಳು, ಒಳಗಿನ ಕೊಳವೆಯ ಅಳತೆಯೂ ಎಷ್ಟೋ ಸಲ ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿನ ಎಳೆತವೇ ಸೈಲೆನ್ಸರಿನ ಅಳತೆಯ ಮೇಲೆ ನಿಂತಿದೆ. ಹಾಗಾಗಿ ಸ್ಟಾರ್ಟ್ ಆಗದ, ಆದರೆ ಎಲ್ಲ ಸಾಮಾನೂ ಇರುವ ಗಾಡಿಯನ್ನು ಕೊಳ್ಳಿ. ಓಡುತ್ತಿದ್ದರೂ ಅರ್ಧ ಸಾಮಾನು ಬೇರೆ ಗಾಡಿಯದ್ದಾದರೆ ಬೇಡ. ಮಾರುವುದಕ್ಕೆಂದೇ ಹೊಸ ಬಣ್ಣ ಹೊಡೆಸಿದ ಗಾಡಿಯಂತೂ ಬೇಡವೇ ಬೇಡ. ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಟ್ಯಾಂಕಿಗೆ ಅದು ಅಂಟದ ಕಡೆ ಬಣ್ಣದಡಿ ಪಟ್ಟಿ ಮೆತ್ತಿದ್ದಾರೆ ಅಂತ ಅರ್ಥ.

ಬಣ್ಣದ ಇನ್ನೊಂದು ಅಪಾಯ ಚಾಸಿ ನಂಬರು. ಹ್ಯಾಂಡಲಿನ ಬುಡದಲ್ಲಿ ಕೊರೆದ ಅಂಕಿಗಳ ಮೇಲೆ ಪಟ್ಟಿ ತುಂಬಿದರೆ, ಇಲ್ಲವೇ ಮರಳು ಹೊಡೆದು ಉಜ್ಜಿದರೆ ಅಂಕಿ ಓದಲಾಗುವುದಿಲ್ಲ. ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆಯಬೇಕು. ಬುಕ್ಕಿನಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ತಾಳೆ ನೋಡಿ.

ಖರ್ಚಿನ ಲೆಕ್ಕಕ್ಕೆ ನನ್ನದೊಂದು ಒರಟು ಸೂತ್ರವಿದೆ. ಎಂಜಿನ್ ಕೆಲಸ, ಟಿಂಕರಿಂಗ್ ಮತ್ತು ಪೇಂಟು, ಕ್ರೋಮು, ವೈರಿಂಗು, ಟೈರು, ದಾಖಲೆ ಎಲ್ಲವನ್ನೂ ಮೇಸ್ತ್ರಿ ಹತ್ತಿರ ಬರೆಸಿ, ಬಂದ ಮೊತ್ತಕ್ಕೆ ಅರ್ಧ ಸೇರಿಸಿ. ಆ ಹಣ ಹೋದರೂ ಮನೆ ನಡೆಯುತ್ತದೆ ಅನ್ನುವಂತಿದ್ದರೆ ಮುಂದುವರಿಯಿರಿ. ಮಾರಿ ಲಾಭ ಮಾಡುವ ಆಸೆಯಿದ್ದರೆ ಸೈಟು ನೋಡಿಕೊಳ್ಳಿ, ಗಾಡಿ ಬೇಡ. ದಿನಾ ಆಫೀಸಿಗೆ ಓಡಿಸುವವರಿಗೂ ನಾನು ಬೇಡವೆಂದೇ ಹೇಳುವುದು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ, ಹೊಗೆ, ಸಿಗ್ನಲ್ಲಿನಲ್ಲಿ ನಿಲ್ಲದ ಬ್ರೇಕು ಇವೆಲ್ಲ ಭಾನುವಾರಕ್ಕೆ ಚೆಂದ, ಸೋಮವಾರಕ್ಕಲ್ಲ.

ಐವತ್ತು ದಾಟಿದ ಜಾವಾ ಸಿಕ್ಕರೆ ವಿಂಟೇಜ್ ನೋಂದಣಿ ಮಾಡಿಸೋಣ ಅನ್ನುವವರಿದ್ದಾರೆ. 2021ರ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ: ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಆದರೆ ಆ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಜುಲೈ ಎರಡನೇ ಭಾನುವಾರದ ಜಾವಾ-ಯಜ್ದಿ ದಿನಕ್ಕೆ ಸಾಲಾಗಿ ನಿಲ್ಲುವ ಗಾಡಿಗಳ ನಡುವೆ ಹೋಗಿ ನಿಂತರೆ ಸಾಕು ಅನ್ನುವವರಿಗೆ ಅದು ಸರಿ.

ಹುಣಸೂರಿನ ರೋಡ್‌ಕಿಂಗಿನಲ್ಲಿ ಸಾಮಾನೆಲ್ಲ ಇತ್ತು, ನಂಬರು ತಾಳೆಯಾಯಿತು. ಬುಕ್ಕು ಮಾತ್ರ ತೀರಿಕೊಂಡ ತಂದೆಯ ಹೆಸರಿನಲ್ಲೇ ಇತ್ತು. ತಮ್ಮ, ತಂಗಿಯರ ಒಪ್ಪಿಗೆ ಪಡೆದು ಮೊದಲು ಮಗನ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ದುಡ್ಡು ಅಂದೆ. "ಅಷ್ಟರಲ್ಲಿ ಬೇರೆಯವರು ಹೊಡೆದುಕೊಂಡು ಹೋದ್ರೆ ಮಾವ?" ಅಂದ ಹುಡುಗ. ಹೋಗಲಿ, ಆ ತಲೆನೋವು ಅವರದ್ದಾಗುತ್ತದೆ.

ನಿಮ್ಮ ಮನೆಯಲ್ಲೂ ಅಪ್ಪನದೋ ತಾತನದೋ ಗಾಡಿ ನಿಂತಿರಬಹುದು. ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕೆಂದು ನಿಯಮವಿದೆ. ಮಾಲೀಕರು ಬದುಕಿರುವಾಗಲೇ ಆರ್‌ಸಿಗೆ ನಾಮಿನಿ ಹೆಸರು ಸೇರಿಸಲು 2021ರಿಂದ ಅವಕಾಶವೂ ಇದೆ. ಗಾಡಿಯನ್ನು ಮಾರಿ, ಇಟ್ಟುಕೊಳ್ಳಿ, ಅದು ನಿಮ್ಮಿಷ್ಟ. ಬುಕ್ಕು ಯಾವ ಟ್ರಂಕಿನಲ್ಲಿದೆ ಎಂದು ಮಾತ್ರ ಈ ವಾರವೇ ಹುಡುಕಿಡಿ.