ವಿಮಾನ ಚಾಲಕರ ಹೆಡ್‌ಸೆಟ್ ಖರೀದಿ: ಬೆಲೆಪಟ್ಟಿಯಾಚೆಗಿನ ಲೆಕ್ಕಾಚಾರ

ವ್ಯಾಪಾರ ಮತ್ತು ಸಣ್ಣ ಕೈಗಾರಿಕೆಯನ್ನು ನಡೆಸಿಕೊಂಡು ಬಂದ ಅನೇಕ ಕುಟುಂಬಗಳಲ್ಲಿ ಈಗ ಮಗನೋ ಮಗಳೋ ವಾಣಿಜ್ಯ ವಿಮಾನ ಚಾಲಕರಾಗುವ ತರಬೇತಿಗೆ ಸೇರುವುದನ್ನು ಕಾಣುತ್ತಿದ್ದೇವೆ. ಇಂತಹ ತರಬೇತಿಗೆ ಲಕ್ಷಗಟ್ಟಲೆ ರೂಪಾಯಿ ತಗಲುತ್ತದೆಂಬುದು ಪೋಷಕರಿಗೆ ತಿಳಿದೇ ಇರುತ್ತದೆ. ಶುಲ್ಕ, ವಸತಿ, ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲಕ್ಕೂ ಅವರು ಅಂದಾಜು ಪತ್ರ ಸಿದ್ಧಪಡಿಸಿಕೊಂಡಿರುತ್ತಾರೆ. ಆದರೆ ಪಟ್ಟಿಯ ಕೊನೆಯಲ್ಲಿ ಬರುವ ಒಂದು ಬಾಬ್ತು ಅವರನ್ನು ಗೊಂದಲಕ್ಕೆ ದೂಡುತ್ತದೆ. ಅದೇ ಹೆಡ್‌ಸೆಟ್. ಒಂದು ಮಾದರಿಯ ಬೆಲೆ 200ರಿಂದ 400 ಡಾಲರ್ ಇದ್ದರೆ, ಶಬ್ದವನ್ನು ವಿದ್ಯುನ್ಮಾನ ಕ್ರಮದಿಂದ ಅಡಗಿಸುವ ಮತ್ತೊಂದು ಮಾದರಿಯ ಬೆಲೆ 700ರಿಂದ 1,300 ಡಾಲರ್‌ವರೆಗೂ ಇರುತ್ತದೆ. ಮೂರು ಪಟ್ಟು ಬೆಲೆ ತೆರುವುದರಲ್ಲಿ ಅರ್ಥವಿದೆಯೇ ಎಂಬುದು ಅವರ ಪ್ರಶ್ನೆ. ಲೆಕ್ಕಪರಿಶೋಧಕನ ದೃಷ್ಟಿಯಿಂದ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

ಗದ್ದಲದ ಲೆಕ್ಕ

ಶಬ್ದದ ಅಳತೆಯ ಮಾನವಾದ ಡೆಸಿಬೆಲ್ ನಮ್ಮ ರೂಪಾಯಿಯಂತೆ ಸರಳವಾಗಿ ಕೂಡುತ್ತಾ ಹೋಗುವುದಿಲ್ಲ. ಅದು ಚಕ್ರಬಡ್ಡಿಯಂತೆ ಬೆಳೆಯುತ್ತದೆ. 3 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ತಲಪುವ ಶಬ್ದಶಕ್ತಿ ಇಮ್ಮಡಿಯಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯಾದ ನಯೋಷ್ ಶಿಫಾರಸಿನ ಪ್ರಕಾರ ದಿನಕ್ಕೆ 8 ಗಂಟೆಗಳ ಕಾಲ ಸಹಿಸಬಹುದಾದ ಮಿತಿ 85 ಡೆಸಿಬೆಲ್. 88ಕ್ಕೆ ಏರಿದರೆ ಅವಧಿ 4 ಗಂಟೆಗೆ ಇಳಿಯುತ್ತದೆ. 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ.

ತರಬೇತಿಗೆ ಬಳಸುವ ಪಿಸ್ಟನ್ ಎಂಜಿನ್ನಿನ ಚಿಕ್ಕ ವಿಮಾನಗಳ ಚಾಲಕ ಕೋಣೆಯಲ್ಲಿ ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್‌ನಷ್ಟು ಗದ್ದಲವಿರುತ್ತದೆ. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಅಗತ್ಯ. ಕಿವಿಗೆ ರಕ್ಷಣೆಯಿಲ್ಲದೆ ಇಷ್ಟು ಗಂಟೆ ಹಾರಿದರೆ ಆಗುವ ನಷ್ಟವನ್ನು ಊಹಿಸುವುದು ಕಷ್ಟವಲ್ಲ.

ಈ ನಷ್ಟದ ಸ್ವರೂಪವನ್ನೂ ಅರಿಯಬೇಕು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಯಂತ್ರ ಸವೆದರೆ ಸವಕಳಿ ಬರೆದು ಹೊಸದನ್ನು ತರಬಹುದು. ಕಿವಿಯ ವಿಷಯದಲ್ಲಿ ಈ ಅವಕಾಶವಿಲ್ಲ. ಗದ್ದಲದಿಂದಾಗುವ ಹಾನಿ ಬಹುಮಟ್ಟಿಗೆ 4,000 ಹರ್ಟ್ಸ್ ಆಸುಪಾಸಿನ ಸ್ವರಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರಕ್ಕೆ ವಿಧಿಸಿರುವ ಶ್ರವಣ ಮಾನದಂಡವಾದರೋ 500, 1,000 ಮತ್ತು 2,000 ಹರ್ಟ್ಸ್‌ಗಳಲ್ಲಿ 35 ಡೆಸಿಬೆಲ್, 3,000 ಹರ್ಟ್ಸ್‌ನಲ್ಲಿ 50 ಡೆಸಿಬೆಲ್ ಮೀರಿದ ನ್ಯೂನತೆ ಇರಬಾರದೆಂದು ಹೇಳುತ್ತದೆ. ಅಂದರೆ ತಪಾಸಣೆಯಲ್ಲಿ ಉತ್ತೀರ್ಣನಾದ ಚಾಲಕನಲ್ಲಿಯೂ ಹಾನಿ ಆಗಲೇ ಆರಂಭವಾಗಿರಬಹುದು. ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಹೊತ್ತಿಗೆ ತಡವಾಗಿರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯವಾಗುತ್ತದೆ.

ಎರಡು ಬಗೆಯ ರಕ್ಷಣೆ

ಮೊದಲನೆಯದು ಸಾಧಾರಣ ಹೆಡ್‌ಸೆಟ್. ಗಟ್ಟಿ ಬಟ್ಟಲು, ಅದರೊಳಗಿನ ಫೋಮ್, ಕಿವಿಯ ಸುತ್ತ ಒತ್ತಿ ಕೂರುವ ಮೆತ್ತೆ, ಇವೇ ಅದರ ಬಂಡವಾಳ. ಅಮೆರಿಕದ ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಹೆಡ್‌ಸೆಟ್‌ಗಳು ಈ ವರ್ಗದಲ್ಲಿ ಹೆಸರುವಾಸಿ. ಇಂತಹ ಸಾಧನ ತೀಕ್ಷ್ಣ ಸ್ವರದ ಶಬ್ದವನ್ನು ಚೆನ್ನಾಗಿ ತಡೆಯುತ್ತದೆ. ಗುಂಯ್‌ಗುಡುವ ಕೆಳಸ್ವರದ ಶಬ್ದವನ್ನು ಅಷ್ಟಾಗಿ ತಡೆಯಲಾರದು.

ಚಿಕ್ಕ ವಿಮಾನದಲ್ಲಿ ಹೆಚ್ಚಾಗಿರುವುದೇ ಈ ಕೆಳಸ್ವರದ ಶಬ್ದ. ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಎರಡು ಅಲಗಿನ ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು. ಎರಡು ಅಲಗಿಗೆ 80 ಬಡಿತ. ನಾಲ್ಕು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟವಾಗುವುದರಿಂದ ಅಲ್ಲಿಯೂ ಸೆಕೆಂಡಿಗೆ 80. ಹೀಗೆ ಎರಡೂ 80 ಹರ್ಟ್ಸ್‌ನಲ್ಲಿ ಬಂದು ಸೇರುತ್ತವೆ.

ಎರಡನೆಯ ಬಗೆಯ ಹೆಡ್‌ಸೆಟ್ ಈ ಕೊರತೆಯನ್ನು ತುಂಬುತ್ತದೆ. ಬಟ್ಟಲಿನೊಳಗಿನ ಪುಟ್ಟ ಮೈಕ್ರೊಫೋನು ಹೊರಗಿನ ಗದ್ದಲವನ್ನು ಗ್ರಹಿಸುತ್ತದೆ. ವಿದ್ಯುನ್ಮಾನ ಮಂಡಲ ಅದಕ್ಕೆ ತದ್ವಿರುದ್ಧವಾದ ತರಂಗವನ್ನು ಉತ್ಪಾದಿಸುತ್ತದೆ. ಎರಡೂ ಸೇರಿದಾಗ ಒಂದನ್ನೊಂದು ವಜಾ ಮಾಡಿಕೊಳ್ಳುತ್ತವೆ. ನಮ್ಮ ಖಾತೆ ಪುಸ್ತಕದ ಜಮೆ ಮತ್ತು ಖರ್ಚು ಸರಿಹೋದಂತೆಯೇ ಇದು. ಈ ತತ್ತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಅವರು 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಬಂಗಾಳ ಮೂಲದ ತಂದೆಗೆ ಅಮೆರಿಕದಲ್ಲಿ ಜನಿಸಿದ ಅಮರ್ ಬೋಸ್ ಅವರು 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಹಿಂದಿರುಗುವಾಗ ಗದ್ದಲದಿಂದ ಬೇಸತ್ತು ಅಲ್ಲಿಯೇ ಲೆಕ್ಕ ಹಾಕಲು ಕುಳಿತದ್ದು ಪ್ರಸಿದ್ಧ ಸಂಗತಿ. 1986ರಲ್ಲಿ ವಾಯೇಜರ್ ವಿಮಾನ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿದಾಗ ಅದರ ಚಾಲಕರಾದ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಅವರಿಗೆ ಬೋಸ್ ಕಂಪನಿಯ ಪ್ರಾಯೋಗಿಕ ಹೆಡ್‌ಸೆಟ್ ನೆರವಾಯಿತು. 1989ರಲ್ಲಿ ಆ ಕಂಪನಿ ವಿಮಾನ ಚಾಲಕರ ಹೆಡ್‌ಸೆಟ್ಟನ್ನು ಮಾರುಕಟ್ಟೆಗೆ ತಂದಿತು. ಆಲೋಚನೆಯಿಂದ ಸರಕಿನವರೆಗೆ 11 ವರ್ಷ ಹಿಡಿಯಿತೆಂಬುದನ್ನು ನಮ್ಮ ಉತ್ಪಾದಕರು ಗಮನಿಸಬೇಕು.

ಕೆಳಸ್ವರ ಅಡಗಿದರೆ ಸಿಗುವ ಮುಖ್ಯ ಲಾಭ ಆಯಾಸ ಕಡಿಮೆಯಾಗುವುದು ಮತ್ತು ನಿಯಂತ್ರಣ ಗೋಪುರದ ಮಾತು ಸ್ಪಷ್ಟವಾಗುವುದು. ಗದ್ದಲದ ನಡುವೆ ಮಾತು ಕೇಳಿಸದಿದ್ದಾಗ ಚಾಲಕ ಧ್ವನಿಯನ್ನು ಏರಿಸುತ್ತಾನೆ. ಆಗ ರಕ್ಷಣೆಗೆಂದು ಕೊಂಡ ಸಾಧನವೇ ಕಿವಿಗೆ ಇನ್ನಷ್ಟು ಶಬ್ದವನ್ನು ಸುರಿಯುತ್ತದೆ.

ಗಂಟೆಯೊಂದಕ್ಕೆ ತಗಲುವ ವೆಚ್ಚ

ಬೆಲೆಪಟ್ಟಿಯ ಮೊತ್ತವನ್ನು ಬಿಟ್ಟು ಹಾರಾಟದ ಪ್ರತಿ ಗಂಟೆಗೆ ತಗಲುವ ನಿವ್ವಳ ವೆಚ್ಚವನ್ನು ನೋಡುವುದು ಸರಿಯಾದ ಕ್ರಮ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ತಮಗೆ ದೊರೆತ ದರಗಳನ್ನು ಹಾಕಿಕೊಳ್ಳಬಹುದು.

ಸಾಧಾರಣ ಹೆಡ್‌ಸೆಟ್‌ನ ಬೆಲೆ 35,000 ರೂಪಾಯಿ, ಶಬ್ದ ಅಡಗಿಸುವ ಹೆಡ್‌ಸೆಟ್‌ನ ಬೆಲೆ 1,10,000 ರೂಪಾಯಿ ಎಂದಿರಲಿ. ಐದು ವರ್ಷಗಳಲ್ಲಿ 2,000 ಗಂಟೆ ಬಳಸುವ ಚಾಲಕನನ್ನು ಮೊದಲು ಪರಿಗಣಿಸೋಣ. ಎರಡನೆಯ ಮಾದರಿಗೆ ಎರಡು ಪೆನ್ಸಿಲ್ ಸೆಲ್‌ಗಳು 40 ಗಂಟೆ ಬಾಳಿದರೆ ಒಟ್ಟು 100 ಸೆಲ್. ತಲಾ 30 ರೂಪಾಯಿಯಂತೆ 3,000. ಮೆತ್ತೆ ಮುಂತಾದ ಬಿಡಿಭಾಗಗಳಿಗೆ 8,000. ಒಟ್ಟು 1,21,000. ಕೊನೆಗೆ ಮರುಮಾರಾಟದಿಂದ 36,000 ಬಂದರೆ ನಿವ್ವಳ ವೆಚ್ಚ 85,000, ಗಂಟೆಗೆ 42.50 ರೂಪಾಯಿ. ಸಾಧಾರಣ ಮಾದರಿಗೆ ಬಿಡಿಭಾಗ 5,000 ಸೇರಿಸಿ, ಮರುಮಾರಾಟದ 12,000 ಕಳೆದರೆ ನಿವ್ವಳ 28,000. ಗಂಟೆಗೆ 14 ರೂಪಾಯಿ. ವ್ಯತ್ಯಾಸ ಗಂಟೆಗೆ 28.50 ರೂಪಾಯಿ ಮಾತ್ರ.

ಇನ್ನು ಪರವಾನಗಿ ಪಡೆಯುವ 200 ಗಂಟೆಗಳಿಗಷ್ಟೇ ಬಳಸಿ ಮಾರಿಬಿಡುವವನ ಲೆಕ್ಕ. ಶಬ್ದ ಅಡಗಿಸುವ ಮಾದರಿಗೆ ಸೆಲ್‌ಗಳ 300 ರೂಪಾಯಿ ಸೇರಿಸಿ, ಮರುಮಾರಾಟ 60,000 ಎಂದು ಹಿಡಿದರೆ ನಿವ್ವಳ 50,300, ಗಂಟೆಗೆ 251.50. ಸಾಧಾರಣ ಮಾದರಿ 20,000ಕ್ಕೆ ಮಾರಾಟವಾದರೆ ನಿವ್ವಳ 15,000, ಗಂಟೆಗೆ 75. ವ್ಯತ್ಯಾಸ 176.50 ರೂಪಾಯಿ.

ಸಾಧನ ಅದೇ, ಬೆಲೆ ಅದೇ. ಮುಖ್ಯವಾಗಿ ಬದಲಾದದ್ದು ಭಾಜಕ. ಆದುದರಿಂದ ಯಾವುದನ್ನು ಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಎಷ್ಟು ಗಂಟೆ ಹಾರಾಟ ನಡೆಯುತ್ತದೆ ಎಂಬ ಅಂಶವೇ ಹೊರತು ಎಷ್ಟು ಬೆಲೆ ಎಂಬುದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಕುಟುಂಬವು ತರಬೇತಿಯ ಅವಧಿಗೆ ಉತ್ತಮ ದರ್ಜೆಯ ಸಾಧಾರಣ ಹೆಡ್‌ಸೆಟ್ ಕೊಂಡರೆ ಅದು ತಪ್ಪು ನಿರ್ಧಾರವಲ್ಲ. ಮುಂದೆ ಬೋಧಕನಾಗಿ ಚಿಕ್ಕ ವಿಮಾನಗಳಲ್ಲೇ ದಿನವೂ ಹಾರಬೇಕೆಂದಿರುವವನಿಗೆ ದುಬಾರಿ ಮಾದರಿಯೇ ಮಿತವ್ಯಯದ್ದು. ಕಿವಿಗೆ ಸರಿಯಾಗಿ ಕೂರದ, ಹೆಸರಿಲ್ಲದ ಅಗ್ಗದ ಸಾಧನ ಮಾತ್ರ ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಕೊಳ್ಳುವ ಮೊದಲು ಪರಿಶೀಲಿಸಬೇಕಾದ ಅಂಶಗಳು

1. ಪ್ಲಗ್ ಯಾವುದು? ಚಿಕ್ಕ ವಿಮಾನಗಳಲ್ಲಿ ಧ್ವನಿಗೊಂದು, ಮೈಕ್ರೊಫೋನಿಗೊಂದು, ಹೀಗೆ ಬೇರೆ ಬೇರೆ ವ್ಯಾಸದ ಎರಡು ಪ್ಲಗ್‌ಗಳಿರುತ್ತವೆ. ಹೆಲಿಕಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ಲಗ್. ಏರ್‌ಬಸ್ ವಿಮಾನಗಳಲ್ಲಿ ಐದು ಪಿನ್ನಿನದು. ತರಬೇತಿ ಶಾಲೆಯನ್ನು ಕೇಳದೆ ಹಣ ಪಾವತಿಸಬಾರದು.

2. ಕನ್ನಡಕದೊಂದಿಗೆ ಧರಿಸಿ ನೋಡಿ. ಕನ್ನಡಕದ ದಪ್ಪ ಕಡ್ಡಿ ಮೆತ್ತೆಯ ಅಂಚಿನಲ್ಲಿ ಸಂದು ಬಿಡಿಸಿದರೆ ಎಷ್ಟೇ ದುಬಾರಿಯ ಸಾಧನವಾದರೂ ಶಬ್ದ ಒಳನುಗ್ಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಧರಿಸಿದರೆ ಸಾಲದು. ಅರ್ಧ ಗಂಟೆಯಾದರೂ ಧರಿಸಿ ತಲೆಗೆ ಬೀಳುವ ಒತ್ತಡವನ್ನು ಅರಿಯಬೇಕು.

3. ಸೆಲ್ ಮುಗಿದರೆ ಏನಾಗುತ್ತದೆ? ಶಬ್ದ ಅಡಗಿಸುವ ವ್ಯವಸ್ಥೆ ನಿಂತರೂ ರೇಡಿಯೊ ಮಾತು ಅಡ್ಡಿಯಿಲ್ಲದೆ ಕೇಳಿಸಬೇಕು. ಇದನ್ನು ಸೆಲ್ ತೆಗೆದು ಪರೀಕ್ಷಿಸಿ ನೋಡತಕ್ಕದ್ದು.

4. ವಿಮಾನಯಾನಕ್ಕೆಂದೇ ತಯಾರಾದದ್ದೇ? ಸಂಗೀತ ಕೇಳುವ ಹೆಡ್‌ಫೋನಿಗೆ ಮೈಕ್ರೊಫೋನ್ ಜೋಡಿಸಿ ಬಳಸುವ ರೂಢಿಯೂ ಇದೆ. ಅವು ಪ್ರಯಾಣಿಕರಿಗಾಗಿ ರೂಪಿಸಿದ ಸಾಧನಗಳು. ವಿಮಾನಯಾನ ಧ್ವನಿ ಸಾಧನಗಳ ಅಮೆರಿಕನ್ ಮಾನದಂಡವಾದ ಟಿಎಸ್‌ಒ-ಸಿ139ರ ಉಲ್ಲೇಖವಿದೆಯೇ ಎಂದು ನೋಡುವುದು ಒಳಿತು. ಉದ್ಯೋಗಕ್ಕೆ ಸೇರಿದ ಮೇಲೆ ಯಾವುದನ್ನು ಬಳಸಬಹುದೆಂಬುದನ್ನು ಆಯಾ ವಿಮಾನಯಾನ ಕಂಪನಿಯೇ ನಿರ್ಧರಿಸುತ್ತದೆ.

5. ಎಚ್ಚರಿಕೆಯ ಧ್ವನಿಗಳು ಕೇಳಿಸುತ್ತವೆಯೇ? ಶಬ್ದ ಅಡಗಿಸುವ ಹೆಡ್‌ಸೆಟ್ ಧರಿಸಿದಾಗ ವಿಮಾನದ ಕೆಲವು ಎಚ್ಚರಿಕೆಯ ಧ್ವನಿಗಳೂ ಎಂಜಿನ್ನಿನ ಬದಲಾದ ಸದ್ದೂ ಗಮನಕ್ಕೆ ಬಾರದಿರಬಹುದೆಂದು ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 2007ರಲ್ಲಿ ಚಾಲಕರನ್ನು ಎಚ್ಚರಿಸಿತ್ತು. ಹೊಸ ಹೆಡ್‌ಸೆಟ್ಟನ್ನು ಮೊದಲು ನೆಲದ ಮೇಲೆ, ಬೋಧಕರ ಸಮ್ಮುಖದಲ್ಲಿ ಪರೀಕ್ಷಿಸಬೇಕು.

ತೆರಿಗೆ ಮತ್ತು ಆಮದು

ವಿದೇಶದ ಬೆಲೆಯನ್ನು ವಿನಿಮಯ ದರದಿಂದ ಗುಣಿಸಿ ಅದೇ ಅಂತಿಮ ಬೆಲೆ ಎಂದು ಭಾವಿಸುವುದು ಸರಿಯಲ್ಲ. ಸಾಗಣೆ, ವಿಮೆ, ಗಡಿಸುಂಕ, ಸಮಾಜ ಕಲ್ಯಾಣ ಸರ್ಚಾರ್ಜು, ಏಕೀಕೃತ ಜಿಎಸ್‌ಟಿ ಇವೆಲ್ಲ ಸೇರಿದ ಮೇಲೆ ಬರುವುದೇ ನಿಜವಾದ ಬೆಲೆ. ಬಂಧುಗಳ ಮೂಲಕ ತರಿಸಿಕೊಂಡರೂ ಲಗೇಜು ನಿಯಮಗಳ ಸುಂಕರಹಿತ ಮಿತಿಯನ್ನು ಮೀರಿದ ಮೌಲ್ಯವನ್ನು ಘೋಷಿಸತಕ್ಕದ್ದು. ವಾರಂಟಿ ಭಾರತದಲ್ಲಿ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ದುರಸ್ತಿಗೆ ವಿದೇಶಕ್ಕೆ ಕಳುಹಿಸಬೇಕಾದರೆ ಉಳಿಸಿದ ಹಣ ಅಲ್ಲಿಯೇ ಕರಗುತ್ತದೆ.

ಸಂಬಳ ಪಡೆಯುವ ಚಾಲಕ ಸ್ವಂತ ಹಣದಿಂದ ಕೊಂಡ ಹೆಡ್‌ಸೆಟ್‌ಗೆ ವೇತನಾದಾಯದಲ್ಲಿ ಪ್ರತ್ಯೇಕ ಕಡಿತ ದೊರೆಯುವುದಿಲ್ಲ. ವಿಮಾನ ಹೊಂದಿರುವ ಸಂಸ್ಥೆಗಳು ಹೂಡುವಳಿ ತೆರಿಗೆ ಜಮೆ ಪಡೆಯುವ ಮುನ್ನ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಲ್ಲಿ ವಿಮಾನಗಳ ಬಗ್ಗೆ ಇರುವ ನಿರ್ಬಂಧಗಳನ್ನು ಪರಿಶೀಲಿಸುವುದು ಕ್ಷೇಮ.

ನಮ್ಮ ಕಾರ್ಖಾನೆಗಳಿಗೂ ಅನ್ವಯ

ಮೇಲೆ ಹೇಳಿದ 85 ಡೆಸಿಬೆಲ್‌ನ ಲೆಕ್ಕ ವಿಮಾನಕ್ಕೆ ಮಾತ್ರ ಸೀಮಿತವಲ್ಲ. ಪವರ್‌ಲೂಮ್, ಪವರ್ ಪ್ರೆಸ್, ಗ್ರೈಂಡಿಂಗ್ ಯಂತ್ರಗಳ ಬಳಿ ದುಡಿಯುವವರ ಕಿವಿಗೂ ಅದೇ ನಿಯಮ. ಗ್ರೈಂಡಿಂಗ್‌ನಂತಹ ತೀಕ್ಷ್ಣ ಸ್ವರಕ್ಕೆ ವಿದ್ಯುನ್ಮಾನ ಸಾಧನ ಬೇಕಿಲ್ಲ. ಸರಿಯಾಗಿ ಕೂರುವ ಸಾಧಾರಣ ಕಿವಿಗವಚವೇ ಸಾಕು. ಆದರೆ ಪೊಟ್ಟಣದ ಮೇಲೆ ಮುದ್ರಿಸಿರುವ ರಕ್ಷಣಾ ಪ್ರಮಾಣವನ್ನು ಪೂರ್ತಿಯಾಗಿ ನಂಬಬಾರದು. ಅದು ಪ್ರಯೋಗಾಲಯದ ಅಂಕಿ. ಕಿವಿಗವಚದ ಪ್ರಮಾಣದಲ್ಲಿ ಶೇಕಡಾ 25ರಷ್ಟು ಕಡಿತ ಮಾಡಿ ಲೆಕ್ಕ ಹಿಡಿಯಬೇಕೆಂದು ನಯೋಷ್ 1998ರಲ್ಲಿ ಸಲಹೆ ನೀಡಿತ್ತು. 24 ಡೆಸಿಬೆಲ್ ಎಂದಿದ್ದರೆ 18 ಎಂದು ತಿಳಿಯಬೇಕು. ಸಂಶಯಾಸ್ಪದ ಬಾಕಿಗೆ ಮೊದಲೇ ಅವಕಾಶ ಕಲ್ಪಿಸಿಡುವ ನಮ್ಮ ಪದ್ಧತಿಯೂ ಇದೇ ತಾನೆ?

ಒಟ್ಟಿನಲ್ಲಿ, ಖರೀದಿಗೆ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ: ವರ್ಷಕ್ಕೆ ಎಷ್ಟು ಗಂಟೆಯ ಬಳಕೆ, ಎಂತಹ ಶಬ್ದ, ಧರಿಸುವವರ ತಲೆಗೆ ಹೊಂದುತ್ತದೆಯೇ. ಇವುಗಳಿಗೆ ಉತ್ತರ ದೊರೆತ ಮೇಲೆ ಬೆಲೆಪಟ್ಟಿಯನ್ನು ತೆರೆಯಿರಿ. ಹೆಡ್‌ಸೆಟ್ಟನ್ನು ಬದಲಾಯಿಸಬಹುದು, ವಿಮಾನವನ್ನೂ ಬದಲಾಯಿಸಬಹುದು. ಸವೆದುಹೋದ ಶ್ರವಣಶಕ್ತಿಯನ್ನು ಯಾವ ಮಾರುಕಟ್ಟೆಯಲ್ಲಿಯೂ ಕೊಳ್ಳಲು ಬರುವುದಿಲ್ಲ.