ಹಳೆಯ ಕಾರುಗಳ ಬಿಡಿಭಾಗ ಖರೀದಿ ಮತ್ತು ನೋಂದಣಿ ನವೀಕರಣ: ಮಾಲೀಕರಿಗೆ ಮಾಹಿತಿ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ 15 ವರ್ಷ ಮೀರಿದ ಕಾರುಗಳು ಇಂದಿಗೂ ಬಳಕೆಯಲ್ಲಿವೆ. ತೋಟದ ಮನೆಯಿಂದ ಆಸ್ಪತ್ರೆಗೆ, ಶಾಲೆಗೆ ಮತ್ತು ಕೊಬ್ಬರಿ ಮಾರುಕಟ್ಟೆಗೆ ಹೋಗಿಬರಲು ಅನೇಕ ಕುಟುಂಬಗಳಿಗೆ ಇಂತಹ ವಾಹನವೇ ಆಧಾರವಾಗಿದೆ. ಮಾರುತಿ 800 ಮತ್ತು ಅಂಬಾಸಿಡರ್ ತಯಾರಿಕೆ 2014ರಲ್ಲಿ ಹಾಗೂ ಓಮ್ನಿ ತಯಾರಿಕೆ 2019ರಲ್ಲಿ ನಿಂತಿದೆ. ಈ ಕಾರುಗಳಿಗೆ ಕಡಿಮೆ ವೆಚ್ಚದಲ್ಲಿ ಬಿಡಿಭಾಗ ಹೊಂದಿಸಿಕೊಂಡು, ತಪಾಸಣೆಯಲ್ಲಿ ತೊಂದರೆಯಾಗದಂತೆ ನೋಂದಣಿ ನವೀಕರಿಸಿಕೊಳ್ಳುವ ಬಗ್ಗೆ ಈ ಕೆಳಗೆ ಮಾಹಿತಿ ನೀಡಲಾಗಿದೆ.

1. ನೋಂದಣಿ ನವೀಕರಣ

15 ವರ್ಷ ತುಂಬಿದ ಮಾತ್ರಕ್ಕೆ ಖಾಸಗಿ ಕಾರನ್ನು ಗುಜರಿಗೆ ಹಾಕಬೇಕೆಂಬ ನಿಯಮ ರಾಜ್ಯದಲ್ಲಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರಂತೆ, ವಾಹನವು ಸುಸ್ಥಿತಿಯಲ್ಲಿದ್ದರೆ ನೋಂದಣಿಯನ್ನು 5 ವರ್ಷಗಳ ಅವಧಿಗೆ ನವೀಕರಿಸಲಾಗುವುದು. ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ನಮೂನೆ-25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕವನ್ನು ರೂ. 5,000ಕ್ಕೆ, ವಿಳಂಬದ ಪ್ರತಿ ತಿಂಗಳಿಗೆ ಹೆಚ್ಚುವರಿ ಶುಲ್ಕವನ್ನು ರೂ. 500ಕ್ಕೆ ನಿಗದಿಪಡಿಸಲಾಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳ ಶುಲ್ಕವನ್ನು ರೂ. 10,000ಕ್ಕೆ ಏರಿಸಲಾಯಿತು. ಹಾಗಾಗಿ ಶುಲ್ಕ ಮತ್ತು ದುರಸ್ತಿ ವೆಚ್ಚ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ ನಂತರವೇ ಕಾರನ್ನು ಉಳಿಸಿಕೊಳ್ಳುವ ಬಗ್ಗೆ ನಿರ್ಧರಿಸುವುದು ಸೂಕ್ತ.

2. ಖರೀದಿಗೆ ಮೊದಲು

ದೋಷ ಯಾವುದೆಂದು ಖಚಿತವಾಗದೆ ಬಿಡಿಭಾಗ ಖರೀದಿಸಬಾರದು. ಕಾರು ಪದೇ ಪದೇ ನಿಂತುಹೋಗುವುದಕ್ಕೆ ಬ್ಯಾಟರಿ ಟರ್ಮಿನಲ್ ಸಡಿಲವಾಗಿರುವುದು ಅಥವಾ ಇಲಿ ಕಡಿದ ವೈರು ಕಾರಣವಾಗಿರಬಹುದು. ಕೊಬ್ಬರಿ ದಾಸ್ತಾನಿನ ಬಳಿ ನಿಲ್ಲಿಸುವ ವಾಹನಗಳಲ್ಲಿ ಇದನ್ನು ಮೊದಲು ಪರಿಶೀಲಿಸುವುದು ಒಳಿತು.

ಅಂಗಡಿಗೆ ಹೋಗುವಾಗ ಹಳೆಯ ಬಿಡಿಭಾಗವನ್ನೂ ನೋಂದಣಿ ಪತ್ರದ ಪ್ರತಿಯನ್ನೂ ಜೊತೆಗೆ ಒಯ್ಯತಕ್ಕದ್ದು. ಒಂದೇ ಹೆಸರಿನ ಕಾರಿನಲ್ಲಿ ಕಾರ್ಬ್ಯುರೇಟರ್ ಇರುವ ಮತ್ತು ಎಂಪಿಎಫ್ಐ ಇರುವ ಮಾದರಿಗಳಿದ್ದು, ಅವುಗಳ ಇಂಧನ ವ್ಯವಸ್ಥೆಯ ಬಿಡಿಭಾಗಗಳು ಬೇರೆ ಬೇರೆಯಾಗಿರುತ್ತವೆ. ಮತ್ತೊಂದೆಡೆ, ಮಾರುತಿ 800 ಮತ್ತು ಓಮ್ನಿ ಕಾರುಗಳಲ್ಲಿ ಮೂರು ಸಿಲಿಂಡರ್‌ಗಳ 796 ಸಿಸಿ ಎಂಜಿನ್ ಬಳಕೆಯಲ್ಲಿದ್ದುದರಿಂದ ಹಲವು ಬಿಡಿಭಾಗಗಳು ಎರಡಕ್ಕೂ ಹೊಂದುತ್ತವೆ. ಬಿಡಿಭಾಗದ ಸಂಖ್ಯೆಯನ್ನು ತಾಳೆ ನೋಡುವುದೇ ಸರಿಯಾದ ಕ್ರಮ.

3. ಕಡಿಮೆ ಬೆಲೆಗೆ ದೊರೆಯುವ ಮಾರ್ಗಗಳು

ಅ) ಕಾರು ಕಂಪನಿಗಳಿಗೆ ಬಿಡಿಭಾಗ ಪೂರೈಸುವ ತಯಾರಕರಲ್ಲಿ ಅನೇಕರು ಅದನ್ನೇ ತಮ್ಮ ಸ್ವಂತ ಹೆಸರಿನಲ್ಲೂ ಮಾರಾಟ ಮಾಡುತ್ತಾರೆ. ಇವುಗಳ ಬೆಲೆ ಸಾಮಾನ್ಯವಾಗಿ ಕಡಿಮೆಯಿರುತ್ತದೆ.

ಆ) ಸ್ಥಳೀಯವಾಗಿ ದೊರೆಯದಿದ್ದಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗಗಳ ಹಾಗೂ ಶಿವಾಜಿನಗರದಲ್ಲಿ ಬಳಸಿದ ಬಿಡಿಭಾಗಗಳ ಅಂಗಡಿಗಳಿವೆ. ಒಂದೇ ಬಾರಿಗೆ ಬೇಕಾದವುಗಳ ಪಟ್ಟಿ ಮಾಡಿಕೊಂಡು ಹೋದಲ್ಲಿ ಪ್ರಯಾಣ ವೆಚ್ಚ ಉಳಿಯುತ್ತದೆ.

ಇ) 2025ರ ಸೆಪ್ಟೆಂಬರ್ 22ರಿಂದ ಎಲ್ಲಾ ಮೋಟಾರು ಬಿಡಿಭಾಗಗಳಿಗೆ ಶೇ. 18ರ ಏಕರೂಪದ ಜಿಎಸ್‌ಟಿ ಜಾರಿಗೆ ಬಂದಿದೆ. ಮೊದಲು ಹಲವಕ್ಕೆ ಶೇ. 28 ಇದ್ದಿತು. ಹಳೆಯ ದಾಸ್ತಾನು ಖರೀದಿಸುವಾಗ ಬಿಲ್ಲಿನಲ್ಲಿ ತೆರಿಗೆ ದರವನ್ನು ಗಮನಿಸತಕ್ಕದ್ದು.

4. ಬಳಸಿದ ಬಿಡಿಭಾಗಗಳು

ಬಾಗಿಲು, ಬಾನೆಟ್, ಬಂಪರ್, ಆಸನ, ಕನ್ನಡಿ ಇತ್ಯಾದಿಗಳನ್ನು ಬಳಸಿದ ಸ್ಥಿತಿಯಲ್ಲಿ ಖರೀದಿಸಬಹುದು. ಸ್ಟಾರ್ಟರ್ ಮೋಟಾರ್ ಮತ್ತು ಆಲ್ಟರ್ನೇಟರ್‌ಗಳನ್ನು ಅಂಗಡಿಯಲ್ಲೇ ಪರೀಕ್ಷಿಸಿ ಪಡೆಯಬಹುದು. ಆದರೆ ಬ್ರೇಕ್ ಪ್ಯಾಡ್, ಬ್ರೇಕ್ ಶೂ, ಮಾಸ್ಟರ್ ಸಿಲಿಂಡರ್, ಬ್ರೇಕ್ ಹೋಸ್, ಸ್ಟೀರಿಂಗ್‌ನ ಟೈ ರಾಡ್ ಮತ್ತು ಬಾಲ್ ಜಾಯಿಂಟ್, ಟೈರ್ ಹಾಗೂ ಸೀಟ್ ಬೆಲ್ಟ್‌ಗಳನ್ನು ಯಾವ ಕಾರಣಕ್ಕೂ ಬಳಸಿದ ಸ್ಥಿತಿಯಲ್ಲಿ ಕೊಳ್ಳಬಾರದು. ಇಲ್ಲಿ ಉಳಿಸುವ ಕೆಲವು ನೂರು ರೂಪಾಯಿ ಕುಟುಂಬದವರ ಪ್ರಾಣಕ್ಕೆ ಎರವಾಗಬಹುದು. ಟೈರಿನ ಮೇಲೆ ಐಎಸ್ಐ ಗುರುತು ಇರತಕ್ಕದ್ದು. ತೆಂಗಿನ ಗರಿ ಅಥವಾ ಕಾಯಿ ಬಿದ್ದು ಮುಂಭಾಗದ ಗಾಜು ಒಡೆದಲ್ಲಿ, ಲ್ಯಾಮಿನೇಟೆಡ್ ಸುರಕ್ಷಾ ಗಾಜನ್ನೇ ಅಳವಡಿಸತಕ್ಕದ್ದು.

5. ಎಂಜಿನ್ ಬದಲಾವಣೆ

ಎಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಬಳಸಿದ ಎಂಜಿನ್ ಖರೀದಿಸುವಾಗ ಅದು ಯಾವ ವಾಹನದ್ದೆಂಬ ದಾಖಲೆ ಮತ್ತು ಬಿಲ್ಲನ್ನು ಪಡೆಯತಕ್ಕದ್ದು. ದಾಖಲೆಯಿಲ್ಲದ ಎಂಜಿನ್ ಕಳವಿನದೂ ಆಗಿರಬಹುದು. ಬದಲಾವಣೆ ಮಾಡುವ ಮುನ್ನ ನೋಂದಣಿ ಪ್ರಾಧಿಕಾರವನ್ನು ವಿಚಾರಿಸಿ, ಕಲಂ 52ರಂತೆ 14 ದಿನಗಳೊಳಗೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ಸಂಖ್ಯೆಗಳು ತಾಳೆಯಾಗದಿದ್ದಲ್ಲಿ ನವೀಕರಣಕ್ಕೆ ಅಡಚಣೆಯಾಗುತ್ತದೆ.

6. ಬಿಡಿಭಾಗಕ್ಕಾಗಿ ಕಾರನ್ನೇ ಮಾರುವವರಿಗೆ

ಕೆಲವರು ದುರಸ್ತಿಯಾಗದ ಕಾರನ್ನು ಬಾಯಿಮಾತಿನಲ್ಲೇ ಗುಜರಿಯವರಿಗೆ ಕೊಡುತ್ತಾರೆ. ನೋಂದಣಿ ರದ್ದಾಗದಿದ್ದಲ್ಲಿ ದಾಖಲೆಯಲ್ಲಿ ಅವರೇ ಮಾಲೀಕರಾಗಿ ಉಳಿಯುತ್ತಾರೆ. ಆ ಸಂಖ್ಯೆಯ ದುರ್ಬಳಕೆಯಾದರೆ ಮೊದಲು ವಿಚಾರಣೆಗೆ ಒಳಗಾಗುವವರೂ ಅವರೇ. ಆದ್ದರಿಂದ 2021ರ ನಿಯಮಗಳಡಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿ ರದ್ದಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

7. ದೂರುಗಳು

ನಕಲಿ ಅಥವಾ ದೋಷಯುಕ್ತ ಬಿಡಿಭಾಗದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ಬಿಲ್ಲು ಇಲ್ಲದಿದ್ದರೆ ದೂರನ್ನು ಸಾಬೀತುಪಡಿಸುವುದು ಕಷ್ಟವಾದುದರಿಂದ, ಎಷ್ಟೇ ಸಣ್ಣ ಖರೀದಿಯಾದರೂ ಬಿಲ್ಲು ಪಡೆಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.

ಹೆಚ್ಚಿನ ಮಾಹಿತಿಗಾಗಿ ತಿಪಟೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು (ಕೆಎ-44) ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.